ಬಾಗಿಲು ಕಾಯುವ ಕರೆಂಟು

ಬೆಂಗಳೂರಿನ ಪಿ.ಜಿ.ಗಳಲ್ಲಿ, ಕಚೇರಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಗಾಜಿನ ಮುಂಬಾಗಿಲ ಮೇಲ್ಗಡೆ ಕಣ್ಣು ಹಾಯಿಸಿ. ಚೌಕಟ್ಟಿಗೆ ಬಿಗಿದ, ಗೇಣಿಗಿಂತ ತುಸು ಉದ್ದದ ಒಂದು ಲೋಹದ ಪಟ್ಟಿ ಹಲವು ಕಡೆ ಕಾಣಸಿಗುತ್ತದೆ. ಬಾಗಿಲಿನ ಮೇಲಂಚಿಗೆ ಅದರ ಜೋಡಿಯಾಗಿ ಒಂದು ಕಬ್ಬಿಣದ ಫಲಕ. ಬಾಗಿಲು ಮುಚ್ಚಿದಾಗ ಇವೆರಡೂ ಕಚ್ಚಿಕೊಳ್ಳುತ್ತವೆ. ಕಾರ್ಡ್ ತೋರಿಸಿದರೆ ಅಥವಾ ಬೆರಳಿಟ್ಟರೆ ಬಿಟ್ಟುಕೊಳ್ಳುತ್ತವೆ. ಇದಕ್ಕೆ ಕೀಲಿಕೈ ಇಲ್ಲ, ಚಿಲಕ ಇಲ್ಲ, ಒಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಬಾಗಿಲು ಹಾಕುವವರ ಬಾಯಲ್ಲಿ ಇದು ‘ಈಎಂ ಲಾಕ್’, ಅಂದರೆ ವಿದ್ಯುತ್ಕಾಂತದ ಬೀಗ.

ಇಂಥ ಬಾಗಿಲು ಹಾಕಿಸುವಾಗ ಮಾತುಕತೆಯೆಲ್ಲ ಬೀಗ ಎಷ್ಟು ಗಟ್ಟಿ, ಕಾರ್ಡ್ ಒಳ್ಳೆಯದೋ ಬೆರಳಚ್ಚು ಒಳ್ಳೆಯದೋ, ಮುಖ ಗುರುತಿಸುವ ಯಂತ್ರಕ್ಕೆ ಎಷ್ಟು ಹಣ ಎಂಬುದರ ಸುತ್ತಲೇ ನಡೆಯುತ್ತದೆ. ಇದಕ್ಕೆಲ್ಲ ಕರೆಂಟು ಕೊಡುವ ಪೆಟ್ಟಿಗೆಯ ಸರದಿ ಬರುವುದು ಕೊನೆಗೆ, ಉಳಿದ ದುಡ್ಡಿನಲ್ಲಿ. ಹತ್ತಿರದ ಅಂಗಡಿಯಿಂದ 12 ವೋಲ್ಟಿನ ಒಂದು ಅಡಾಪ್ಟರ್ ತಂದು ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಾಗಿಲು ಹಿಡಿಯುತ್ತದೆ, ಬಿಡುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ಆದರೆ ಈ ಬಾಗಿಲನ್ನು ಹಿಡಿದಿರುವುದು ಕರೆಂಟು ಮಾತ್ರ. ಕರೆಂಟಿಗೆ ಏನಾಗುತ್ತದೋ ಬಾಗಿಲಿಗೂ ಅದೇ ಆಗುತ್ತದೆ. ಹಾಗಾಗಿ ಪವರ್ ಸಪ್ಲೈ ಎಂಬ ಪೆಟ್ಟಿಗೆ ಎರಡು ಮಾತು ಉಳಿಸಿಕೊಳ್ಳಬೇಕು: ಬೀದಿಯಲ್ಲಿ ಕರೆಂಟು ಹೋದರೆ ಬಾಗಿಲು ಬಿಡಬಾರದು, ಕಟ್ಟಡಕ್ಕೆ ಬೆಂಕಿ ಬಿದ್ದರೆ ಬಾಗಿಲು ಹಿಡಿಯಬಾರದು. ಒಂದು ಮಾತು ಕಳ್ಳನ ವಿರುದ್ಧ, ಇನ್ನೊಂದು ಒಳಗಿರುವವರ ಜೀವದ ಪರ. ಎರಡನ್ನೂ ಒಟ್ಟಿಗೆ ಉಳಿಸುವ ಪೆಟ್ಟಿಗೆಯನ್ನು ಆರಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಕಬ್ಬಿಣವನ್ನು ಕಾಂತವಾಗಿಸುವ ಸುರುಳಿ

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, ತಂತಿಯಲ್ಲಿ ಕರೆಂಟು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡು ಜಗತ್ತಿಗೆ ತಿಳಿಸಿದರು. ಐದು ವರ್ಷಗಳಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಾಕಾರದ ಕಬ್ಬಿಣಕ್ಕೆ ತಂತಿ ಸುತ್ತಿ, ಸುಮಾರು 200 ಗ್ರಾಂ ತೂಕದ ಆ ಕಬ್ಬಿಣದಿಂದ 4 ಕಿಲೋ ಭಾರ ಎತ್ತಿಸಿದರು. ಕರೆಂಟು ನಿಲ್ಲಿಸಿದರೆ ಭಾರ ಕೆಳಗೆ ಬೀಳುತ್ತಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೆ ನಿರೋಧಕ ಹೊದಿಕೆ ಹಾಕಿ ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿದಾಗ, 1831ರ ಹೊತ್ತಿಗೆ 900 ಕಿಲೋಗೂ ಹೆಚ್ಚು ಭಾರ ಎತ್ತಬಲ್ಲ ವಿದ್ಯುತ್ಕಾಂತ ಸಿದ್ಧವಾಯಿತು. ಇಂದು ನಿಮ್ಮ ಕಚೇರಿಯ ಬಾಗಿಲ ಮೇಲಿರುವುದು ಇದೇ ವಸ್ತು, ಉದ್ದಕ್ಕೆ ಚಾಚಿದ ರೂಪದಲ್ಲಿ.

ಬಾಗಿಲಿಗೆ ಇದನ್ನು ಬಳಸುವ ಯೋಚನೆ ಬಂದದ್ದು ಬಹಳ ತಡವಾಗಿ. ಇಂದಿನ ಮಾದರಿಯ ಕಾಂತಬೀಗವನ್ನು ಸಮ್ನರ್ ಇರ್ವಿಂಗ್ ಸ್ಯಾಫಿರ್‌ಸ್ಟೀನ್ 1969ರಲ್ಲಿ ರೂಪಿಸಿದ್ದು ಕೆನಡಾದ ಮಾಂಟ್ರಿಯಲ್ ಫೋರಂ ಎಂಬ ಕ್ರೀಡಾಂಗಣದ ಬಾಗಿಲುಗಳಿಗಾಗಿ. ಜನ ಕಿಕ್ಕಿರಿಯುವ ಆ ಕಟ್ಟಡದ ಬಾಗಿಲುಗಳಿಗೆ ಬೀಗ ಹಾಕಬೇಕಿತ್ತು, ಬೆಂಕಿ ಬಿದ್ದರೆ ಅವು ತಾವಾಗಿಯೇ ಬಿಟ್ಟುಕೊಳ್ಳಲೂಬೇಕಿತ್ತು. ಅಂದರೆ ಈ ಬೀಗ ಹುಟ್ಟಿದ್ದೇ ‘ಬಿಡುವ’ ಗುಣಕ್ಕಾಗಿ. ಇವತ್ತು ಇದನ್ನು ಕೊಳ್ಳುವವರು ‘ಹಿಡಿಯುವ’ ಗುಣವನ್ನಷ್ಟೇ ಕೇಳುತ್ತಾರೆ.

ಹಿಡಿತದ ಲೆಕ್ಕ ಹೀಗಿದೆ. ಕಾಂತಕ್ಷೇತ್ರದ ತೀವ್ರತೆ 1 ಟೆಸ್ಲಾ ಇದ್ದರೆ, ಕಾಂತ ಮತ್ತು ಫಲಕ ಕೂಡುವ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ಭಾರದಷ್ಟು ಸೆಳೆತ. ತೀವ್ರತೆಯನ್ನು ಒಂದೂವರೆ ಟೆಸ್ಲಾಕ್ಕೆ ಏರಿಸಿದರೆ ಸೆಳೆತ 6 ಅಲ್ಲ, ಸುಮಾರು 9 ಕಿಲೋ. ಸೆಳೆತ ಏರುವುದು ತೀವ್ರತೆಯ ವರ್ಗಕ್ಕೆ ಅನುಗುಣವಾಗಿ. ಮೂವತ್ತು ಚದರ ಸೆಂಟಿಮೀಟರಿನಷ್ಟು ಕಬ್ಬಿಣದ ಮುಖ ಇದ್ದರೆ ಅಂಗಡಿಯವರು ಹೇಳುವ ‘600 ಪೌಂಡ್’ ಅಥವಾ 280 ಕಿಲೋ ಹತ್ತಿರ ಬಂತು. ಇದೇ ವರ್ಗದ ನಿಯಮ ಇಳಿಯುವಾಗಲೂ ಅನ್ವಯಿಸುತ್ತದೆ: ಕರೆಂಟು ಸ್ವಲ್ಪ ಕಡಿಮೆಯಾದರೆ ಹಿಡಿತ ಅದಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಮುಂದೆ ತಂತಿಯ ವಿಷಯ ಬಂದಾಗ ಇದು ನೆನಪಿರಲಿ.

ಬಾಗಿಲ ಮೇಲಿನ ಫಲಕವನ್ನು ಕೈಯಿಂದ ಮುಟ್ಟಿ ನೋಡಿದರೆ ಅದು ಸ್ವಲ್ಪ ಅಲ್ಲಾಡುತ್ತದೆ. ಇದು ಸಡಿಲವಾಗಿದೆ ಎಂದುಕೊಂಡು ಸ್ಕ್ರೂ ಬಿಗಿಮಾಡುವವರಿದ್ದಾರೆ, ಮಾಡಬಾರದು. ಫಲಕದ ಹಿಂದೆ ಒಂದು ರಬ್ಬರ್ ವಾಷರ್ ಇರುತ್ತದೆ. ಬಾಗಿಲು ಒಂದು ಕೂದಲೆಳೆಯಷ್ಟು ವಾಲಿದ್ದರೂ ಫಲಕ ತಾನೇ ತಿರುಗಿ ಕಾಂತದ ಮುಖಕ್ಕೆ ಚಪ್ಪಟೆಯಾಗಿ ಕೂರಲಿ ಎಂಬ ಉದ್ದೇಶಕ್ಕೆ ಅದನ್ನು ಇಟ್ಟಿರುತ್ತಾರೆ. ಕಾಂತರೇಖೆಗಳು ಕಬ್ಬಿಣದಲ್ಲಿ ಸರಾಗವಾಗಿ ಸಾಗುತ್ತವೆ, ಗಾಳಿಯಲ್ಲಿ ಸಾವಿರಾರು ಪಟ್ಟು ಕಷ್ಟಪಡುತ್ತವೆ. ನಡುವೆ ಒಂದು ಹಾಳೆಯಷ್ಟು ಸಂದು ಉಳಿದರೂ, ಒಂದು ಸ್ಟಿಕ್ಕರ್ ಅಂಟಿದ್ದರೂ, ಬಣ್ಣ ಬಳಿಯುವವರು ಮುಖದ ಮೇಲೆ ಒಂದು ಪದರ ಬಳಿದಿದ್ದರೂ ಹಿಡಿತದಲ್ಲಿ ದೊಡ್ಡ ಪಾಲು ಹೋಗಿಬಿಡುತ್ತದೆ. ಎಷ್ಟು ಒಳ್ಳೆಯ ಪವರ್ ಸಪ್ಲೈ ತಂದರೂ ಆ ನಷ್ಟವನ್ನು ತುಂಬಲಾಗದು.

ಕರೆಂಟು ಹೋದಾಗ ಏನಾಗಬೇಕು?

ವೋಲ್ಟು, ಆಂಪಿಯರುಗಳ ಮಾತಿಗೆ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಇದು. ಕರೆಂಟು ಹೋದರೆ ಬಿಟ್ಟುಕೊಳ್ಳುವ ಬೀಗವನ್ನು ‘ಫೇಲ್ ಸೇಫ್’ ಎನ್ನುತ್ತಾರೆ. ಹೋದರೂ ಹಾಕಿಕೊಂಡೇ ಇರುವುದು ‘ಫೇಲ್ ಸೆಕ್ಯೂರ್’. ಕಾಂತಬೀಗ ಯಾವತ್ತೂ ಮೊದಲನೆಯ ಜಾತಿ, ಏಕೆಂದರೆ ಕರೆಂಟಿಲ್ಲದೆ ಅದು ಬರೀ ಕಬ್ಬಿಣ. ಚೌಕಟ್ಟಿನೊಳಗೆ ಕೂರಿಸುವ ‘ಸ್ಟ್ರೈಕ್’ ಎಂಬ ಸಾಧನ ಎರಡು ಬಗೆಯಲ್ಲೂ ಸಿಗುತ್ತದೆ. ಅದರಲ್ಲಿ ಬಾಗಿಲ ನಾಲಗೆಯನ್ನು ತಡೆಹಿಡಿಯುವ ಪುಟ್ಟ ತುಟಿಯನ್ನು ಕರೆಂಟು ಬಿಡಿಸುತ್ತದೆ ಅಥವಾ ಬಿಗಿಯುತ್ತದೆ. ಫೇಲ್ ಸೆಕ್ಯೂರ್ ಸ್ಟ್ರೈಕ್ ಹಾಕುವುದಾದರೆ ಒಳಗಿನ ಹಿಡಿಕೆ ಕರೆಂಟಿನ ಹಂಗಿಲ್ಲದೆ ಬಾಗಿಲು ತೆರೆಯುವಂತಿರಲೇಬೇಕು. ಹೊರಗಿನವನಿಗೆ ಬೀಗ, ಒಳಗಿನವನಿಗೆ ಬರೀ ಹಿಡಿಕೆ.

ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟದ್ದಕ್ಕೆ ಜಗತ್ತು ತೆತ್ತ ಬೆಲೆ ದೊಡ್ಡದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತನೇ ಅಂತಸ್ತಿನಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಸತ್ತವರು 146 ಮಂದಿ, ಹೆಚ್ಚಿನವರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಪ್ರಾಣ ಬಿಟ್ಟರು. ಅಲ್ಲಿ ಬಾಲ್ಕನಿಯ ಒಂದು ದಾರಿಯನ್ನು ಹೆಚ್ಚುವರಿ ಆಸನಗಳು ಮುಚ್ಚಿಹಾಕಿದ್ದವು. ಹೊಗೆಯೊಳಗೆ ಮನುಷ್ಯನಿಗೆ ಸಿಗುವ ಸಮಯ ನಿಮಿಷಗಳಷ್ಟು. ಆ ಹೊತ್ತಿನಲ್ಲಿ ಕಾರ್ಡ್ ಹುಡುಕಲು, ಬೆರಳು ಒರೆಸಿಕೊಂಡು ಮತ್ತೆ ಇಡಲು ಯಾರಿಂದಲೂ ಆಗದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ.

ಹಾಗಾದರೆ ಕಾಂತಬೀಗ ಹಾಕಿ ಬ್ಯಾಟರಿಯನ್ನೇ ಇಡದಿದ್ದರೆ ಸಾಕಲ್ಲವೇ? ಸಾಲದು. ಕರೆಂಟು ಹೋಗಿ ಜನರೇಟರ್ ಎತ್ತಿಕೊಳ್ಳುವವರೆಗೆ ಹಲವು ಸೆಕೆಂಡುಗಳ ಸಂದು ಇರುತ್ತದೆ. ಅಷ್ಟು ಹೊತ್ತು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮುಂಬಾಗಿಲು ತಳ್ಳಿದರೆ ತೆರೆಯುತ್ತದೆ. ಜನರೇಟರ್ ಇಲ್ಲದ ಕಡೆ ಗಂಟೆಗಟ್ಟಲೆ ತೆರೆದೇ ಇರುತ್ತದೆ. ಅದಕ್ಕೇ ಬ್ಯಾಟರಿ ಬೇಕು.

ಬ್ಯಾಟರಿ ಬಂದೊಡನೆ ಹೊಸ ಅಪಾಯ ಬರುತ್ತದೆ. ಬೆಂಕಿ ಬಿದ್ದಾಗ ಕಟ್ಟಡದ ಮೇನ್ ಸ್ವಿಚ್ ಆರಿಸುತ್ತಾರೆ. ಆದರೆ ಬ್ಯಾಟರಿ ಬಾಗಿಲನ್ನು ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ಕತ್ತರಿ ಬೀಳಬೇಕಾದದ್ದು 230 ವೋಲ್ಟಿನ ಕಡೆಗಲ್ಲ, ಬ್ಯಾಟರಿ ದಾಟಿದ ಮೇಲೆ ಬೀಗಕ್ಕೆ ಹೋಗುವ 12 ವೋಲ್ಟಿನ ತಂತಿಗೆ. ಅಗ್ನಿ ಎಚ್ಚರಿಕೆಯ ಪ್ಯಾನೆಲ್ಲಿನ ರಿಲೇ ಎಂಬ ಸ್ವಿಚ್ಚು ಈ ತಂತಿಯ ನಡುವೆಯೇ ಕೂರಬೇಕು. ಬಾಗಿಲ ಪಕ್ಕದ ಹಸಿರು ‘ಬ್ರೇಕ್ ಗ್ಲಾಸ್’ ಪೆಟ್ಟಿಗೆಯೂ ಅದೇ ತಂತಿಯಲ್ಲಿರಬೇಕು. ಗುಂಡಿ ಒತ್ತಿದಾಗ ಬೀಗದ ಕರೆಂಟು ನೇರವಾಗಿ ಕಡಿಯಬೇಕು. ಕಾರ್ಡ್, ಬೆರಳಚ್ಚು ಪರಿಶೀಲಿಸಿ ಬೀಗ ಬಿಡಿಸುವ ನಿಯಂತ್ರಕಕ್ಕೆ ‘ಬಾಗಿಲು ತೆರೆ’ ಎಂದು ಸಂದೇಶ ಕಳಿಸಿ ಅದು ತೀರ್ಮಾನಿಸಲಿ ಎಂದು ಕಾಯುವ ವ್ಯವಸ್ಥೆ ಇಲ್ಲಿಗೆ ತಕ್ಕುದಲ್ಲ, ಏಕೆಂದರೆ ನಿಯಂತ್ರಕ ಆ ಗಳಿಗೆಯಲ್ಲೇ ಕೆಟ್ಟು ನಿಂತಿರಬಹುದು. ಪವರ್ ಸಪ್ಲೈ ಕೊಳ್ಳುವಾಗ ‘ಫೈರ್ ಇನ್‌ಪುಟ್’ ಇದೆಯೇ ಎಂದು ಕೇಳುವುದು ಇದಕ್ಕಾಗಿ.

ಎಷ್ಟು ವೋಲ್ಟು, ಎಷ್ಟು ಆಂಪಿಯರು?

ಒಂದು ತಪ್ಪು ತಿಳಿವಳಿಕೆ ಮೊದಲು ಹೋಗಲಿ. ‘ಅರ್ಧ ಆಂಪಿಯರಿನ ಬೀಗಕ್ಕೆ 5 ಆಂಪಿಯರಿನ ಸಪ್ಲೈ ಹಾಕಿದರೆ ಸುಟ್ಟುಹೋಗುತ್ತದೆ’ ಎಂದು ಹೆದರುವವರು ಬಹಳ. ಹಾಗಾಗುವುದಿಲ್ಲ. ಪೆಟ್ಟಿಗೆಯ ಮೇಲಿನ ಆಂಪಿಯರು ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬುದನ್ನು ಹೇಳುತ್ತದೆ. ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಬೀಗದ ಸುರುಳಿ. ಹೆದರಬೇಕಾದದ್ದು ವೋಲ್ಟಿಗೆ. 12 ವೋಲ್ಟಿನ ಸುರುಳಿಗೆ 24 ವೋಲ್ಟು ಕೊಟ್ಟರೆ ಕರೆಂಟು ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಸುರುಳಿಯ ಹೊದಿಕೆ ಬೆಂದುಹೋಗುತ್ತದೆ. ಅನೇಕ ಬೀಗಗಳಲ್ಲಿ 12 ಮತ್ತು 24ರ ನಡುವೆ ಆರಿಸಲು ಪುಟ್ಟ ಜಂಪರ್ ಇರುತ್ತದೆ. ಸಪ್ಲೈ ಜೋಡಿಸುವ ಮುನ್ನ ಅದನ್ನು ನೋಡಿಕೊಳ್ಳಬೇಕು. ಎಸ್‌ಎಂಪಿಎಸ್ ಎಂಬ ಇಂದಿನ ಮಾದರಿಯ ಕೆಲವು ಸಪ್ಲೈ ಪೆಟ್ಟಿಗೆಗಳ ಪಕ್ಕದಲ್ಲಿ 115 ಮತ್ತು 230 ಎಂದು ಬರೆದ ಸರಿಸುವ ಗುಂಡಿಯೂ ಇರುತ್ತದೆ. ಅದು 115ರಲ್ಲಿ ಉಳಿದಿದ್ದರೆ ನಮ್ಮ ಕರೆಂಟಿಗೆ ಚುಚ್ಚಿದ ಕೂಡಲೇ ಪೆಟ್ಟಿಗೆ ಹೋಗುತ್ತದೆ.

ಈಗ ಒಂದು ಹಾಸ್ಟೆಲ್ ಬಾಗಿಲಿನ ಲೆಕ್ಕ ಮಾಡೋಣ. 280 ಕಿಲೋ ಹಿಡಿತದ ಕಾಂತಬೀಗ 12 ವೋಲ್ಟಿನಲ್ಲಿ ಸಾಮಾನ್ಯವಾಗಿ ಅರ್ಧ ಆಂಪಿಯರು ಎಳೆಯುತ್ತದೆ. ಬೆರಳಚ್ಚಿನ ಯಂತ್ರದ ಚೀಟಿಯ ಮೇಲೆ ಅರ್ಧ ಆಂಪಿಯರು ಎಂದಿದೆ ಎಂದುಕೊಳ್ಳಿ. ಒಟ್ಟು 1 ಆಂಪಿಯರು. ಇಷ್ಟಕ್ಕೆ 1 ಆಂಪಿಯರಿನ ಅಡಾಪ್ಟರ್ ತಂದರೆ ಅದು ಹಗಲಿರುಳು ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತದೆ. ಕಾಂತಬೀಗಕ್ಕೆ ಬಿಡುವು ಎಂಬುದಿಲ್ಲ, ಬಾಗಿಲು ಮುಚ್ಚಿರುವ ಪ್ರತಿ ಗಳಿಗೆಯೂ ಕರೆಂಟು ಹರಿಯುತ್ತಲೇ ಇರುತ್ತದೆ. ಆ 1 ಆಂಪಿಯರಿಗೆ ಬ್ಯಾಟರಿ ತುಂಬಲು ಬೇಕಾದ ಸುಮಾರು 0.7 ಆಂಪಿಯರು ಸೇರಿಸಿ: 1.7. ಪೆಟ್ಟಿಗೆಯ ಮೇಲೆ ಅದರ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹೊರೆ ಬೀಳದಿರಲಿ ಎಂದು ನೋಡಿದರೆ ಬೇಕಾದದ್ದು 2.3 ಆಂಪಿಯರು. ಅಂಗಡಿಯಲ್ಲಿ ಇದರ ಮೇಲಿನ ಅಳತೆ 3 ಆಂಪಿಯರು. ಅದನ್ನೇ ಕೊಳ್ಳಬೇಕು. ತಿನ್ನುವ ವಿದ್ಯುತ್ತಿನ ಚಿಂತೆ ಬೇಡ: ಬೀಗದ 6 ವ್ಯಾಟ್ ವರ್ಷವಿಡೀ ಹರಿದರೂ ಸುಮಾರು 52 ಯೂನಿಟ್ ಅಷ್ಟೇ.

ಪೆಟ್ಟಿಗೆಯ ಒಳಗೆ ನಡೆಯುವ ಕೆಲಸವನ್ನೂ ನೋಡೋಣ. ಹಳೆಯ ಕಾಲದ ಸಪ್ಲೈಯಲ್ಲಿ ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು, ಏಕೆಂದರೆ ಸೆಕೆಂಡಿಗೆ 50 ಸಲ ಮಾತ್ರ ಹೊರಳುವ ವಿದ್ಯುತ್ತನ್ನು ಇಳಿಸಲು ಅಷ್ಟು ಕಬ್ಬಿಣ ಬೇಕು. ಇಂದಿನ ಎಸ್‌ಎಂಪಿಎಸ್ ಮೊದಲು 230 ವೋಲ್ಟಿನ ಎಸಿಯನ್ನು ಸುಮಾರು 325 ವೋಲ್ಟಿನ ಡಿಸಿಯಾಗಿ ಮಾರ್ಪಡಿಸಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಬೆಂಕಿಪೊಟ್ಟಣದಷ್ಟು ಗಾತ್ರದ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟಿಗೆ ಇಳಿಸುತ್ತದೆ. ಹಗುರ, ಅಗ್ಗ, ಮತ್ತು ಹೊರಗಿನ ವೋಲ್ಟೇಜ್ ಏರಿಳಿದರೂ ಒಳಗಿನದು ಸ್ಥಿರ. ಆದರೆ ಈ ಕಡಿಯುವಿಕೆಯ ಸದ್ದು ಔಟ್‌ಪುಟ್ಟಿನಲ್ಲಿ ಸ್ವಲ್ಪ ಉಳಿಯುತ್ತದೆ. ಹಳೆಯ ಮಾದರಿಯ ಕಾರ್ಡ್ ರೀಡರುಗಳು 125 ಕಿಲೋಹರ್ಟ್ಸ್‌ನಲ್ಲಿ ಕಾರ್ಡಿನೊಂದಿಗೆ ಮಾತಾಡುತ್ತವೆ. ಅಗ್ಗದ ಎಸ್‌ಎಂಪಿಎಸ್ಸಿನ ಸದ್ದು ಅದೇ ನೆರೆಯಲ್ಲಿ ಬಿದ್ದರೆ, ನಾಲ್ಕು ಬೆರಳು ದೂರದಿಂದ ಓದುತ್ತಿದ್ದ ಕಾರ್ಡನ್ನು ರೀಡರಿಗೆ ಒತ್ತಿ ಹಿಡಿಯಬೇಕಾಗುತ್ತದೆ. ರೀಡರ್ ಕೆಟ್ಟಿದೆ ಎಂದು ಬದಲಿಸಿದರೂ ತೊಂದರೆ ಹೋಗುವುದಿಲ್ಲ.

ತಂತಿಯಲ್ಲೇ ಕರಗುವ ವೋಲ್ಟು

ಕಾಲುವೆಯ ತೂಬಿನ ಬಳಿ ನೀರು ಭರ್ತಿ ಹರಿದರೂ ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಸೊರಗುವುದು ಮಂಡ್ಯದ ರೈತರಿಗೆ ಚೆನ್ನಾಗಿ ಗೊತ್ತು. ತಂತಿಯಲ್ಲಿ ವೋಲ್ಟಿನ ಪಾಡೂ ಹಾಗೆಯೇ.

ಪವರ್ ಸಪ್ಲೈ ಸರ್ವರ್ ಕೋಣೆಯಲ್ಲಿದೆ, ಬಾಗಿಲು 30 ಮೀಟರ್ ದೂರದಲ್ಲಿದೆ. ಉಳಿದ ನೆಟ್‌ವರ್ಕ್ ಕೇಬಲ್ಲಿನ ಒಂದು ಜೋಡಿ ಎಳೆಯಲ್ಲೇ ಬೀಗಕ್ಕೂ ಕರೆಂಟು ಕೊಟ್ಟಿದ್ದಾರೆ. ಇದು ಬಹಳ ಕಡೆ ಕಾಣುವ ಪದ್ಧತಿ. ಆ ಸಪೂರ ತಾಮ್ರದ ಎಳೆಗೆ ಕಿಲೋಮೀಟರಿಗೆ ಸುಮಾರು 84 ಓಮ್ ರೋಧ. ಹೋಗಿ ಬರುವ ದಾರಿ ಸೇರಿ 60 ಮೀಟರಿಗೆ 5 ಓಮ್. ಬೀಗದ ಸುರುಳಿಯದು 24 ಓಮ್. ಒಟ್ಟು 29 ಓಮಿನ ಮೇಲೆ 12 ವೋಲ್ಟು ಹಂಚಿಹೋದಾಗ ಬೀಗದ ಪಾಲಿಗೆ ಉಳಿಯುವುದು 10 ವೋಲ್ಟಿಗೂ ತುಸು ಕಡಿಮೆ. ವೋಲ್ಟು ಕಡಿಮೆಯಾದದ್ದು ಶೇಕಡಾ 17, ಆದರೆ ಹಿಡಿತ ವರ್ಗದ ನಿಯಮದಂತೆ ಇಳಿಯುವುದರಿಂದ ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೋಗಬಹುದು. 280 ಕಿಲೋ ಎಂದು ಕೊಂಡ ಬೀಗ 190ರ ಆಸುಪಾಸಿಗೆ ಬಂತು.

ಇದಕ್ಕೆ ಎರಡು ಮದ್ದುಗಳಿವೆ. ಮೊದಲನೆಯದು ದಪ್ಪ ತಂತಿ. 1 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಅದೇ ದೂರಕ್ಕೆ ರೋಧ ಸುಮಾರು 1 ಓಮ್, ಬೀಗದ ಬಳಿ ಹನ್ನೊಂದೂವರೆ ವೋಲ್ಟು ಸಿಗುತ್ತದೆ. ಎರಡನೆಯದು 24 ವೋಲ್ಟು. ಅದೇ ಬೀಗವನ್ನು 24ಕ್ಕೆ ಜೋಡಿಸಿದರೆ ಕರೆಂಟು ಅರ್ಧವಾಗುತ್ತದೆ. ತಂತಿಯಲ್ಲಿ ಕಳೆಯುವ ವೋಲ್ಟು ಅರ್ಧವಾಗುತ್ತದೆ. ಆ ಅರ್ಧವೂ ಎರಡು ಪಟ್ಟು ದೊಡ್ಡ ವೋಲ್ಟಿನ ಪಾಲಾದ್ದರಿಂದ ಶೇಕಡಾವಾರು ನಷ್ಟ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಿನ ಸಪೂರ ತಂತಿಯಲ್ಲೇ ನಷ್ಟ ಶೇಕಡಾ 5. ನಮ್ಮ ಊರುಗಳಿಗೆ ಪವರ್ ಸ್ಟೇಷನ್ನಿನಿಂದ ಲಕ್ಷಗಟ್ಟಲೆ ವೋಲ್ಟಿನಲ್ಲಿ ವಿದ್ಯುತ್ತು ತರುವುದೂ ಇದೇ ಕಾರಣಕ್ಕೆ. ದೂರದ ಗೇಟುಗಳಿಗೆ, ಹಲವು ಬಾಗಿಲುಗಳ ಕಟ್ಟಡಗಳಿಗೆ 24 ವೋಲ್ಟಿನ ವ್ಯವಸ್ಥೆಯೇ ಸರಿ.

ತಂತಿ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಮ್ಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು.

ಅಳೆಯುವುದರಲ್ಲೂ ಒಂದು ಕ್ರಮವಿದೆ. ಬೀಗ ಕಳಚಿಟ್ಟು ತಂತಿಯ ತುದಿಗೆ ಮಲ್ಟಿಮೀಟರ್ ಹಿಡಿದರೆ ಅದು ಚೊಕ್ಕವಾಗಿ 12 ತೋರಿಸುತ್ತದೆ. ಕರೆಂಟು ಹರಿಯದಿದ್ದರೆ ತಂತಿಯಲ್ಲಿ ನಷ್ಟವೇ ಇಲ್ಲ. ‘ವೋಲ್ಟೇಜ್ ಸರಿಯಾಗಿದೆ, ಬೀಗದ್ದೇ ತೊಂದರೆ’ ಎಂಬ ತೀರ್ಪು ಇಲ್ಲಿ ಹುಟ್ಟುತ್ತದೆ. ಬಾಗಿಲು ಮುಚ್ಚಿ, ಬೀಗ ಹಿಡಿದಿರುವಾಗಲೇ, ಬೀಗದ ಸ್ಕ್ರೂಗಳಿಗೆ ಕಡ್ಡಿ ತಾಗಿಸಿ ಅಳೆಯಬೇಕು. ಆಗ ಕಾಣುವ ಅಂಕಿಯೇ ಬಾಗಿಲಿಗೆ ನಿಜವಾಗಿ ಸಿಗುತ್ತಿರುವ ವೋಲ್ಟು.

ಸುರುಳಿ ತಿರುಗಿ ಹೊಡೆಯುವ ಹೊಡೆತ

ಸುರುಳಿಗೆ ಒಂದು ಹಟ ಇದೆ: ತನ್ನಲ್ಲಿ ಹರಿಯುತ್ತಿರುವ ಕರೆಂಟು ಬದಲಾಗುವುದನ್ನು ಅದು ತಡೆಯುತ್ತದೆ. ರಷ್ಯಾದಲ್ಲಿ ನೆಲೆಸಿದ್ದ ಎಮಿಲ್ ಲೆನ್ಜ್ 1834ರಲ್ಲಿ ಇದನ್ನು ನಿಯಮವಾಗಿ ಹೇಳಿದರು. ಬೀಗ ಬಿಡಿಸಲು ರಿಲೇ ಥಟ್ಟನೆ ಕರೆಂಟು ಕಡಿದಾಗ, ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ ಹೋಗಲು ದಾರಿಯಿಲ್ಲದೆ ವೋಲ್ಟನ್ನು ಏರಿಸುತ್ತದೆ. 12 ವೋಲ್ಟಿನ ಬೀಗದ ತುದಿಗಳಲ್ಲಿ ಕ್ಷಣಮಾತ್ರ ನೂರಾರು ವೋಲ್ಟು ಏಳುತ್ತದೆ. ರಿಲೇಯ ತುದಿಗಳ ನಡುವೆ ಕಿಡಿ ಹಾರುತ್ತದೆ. ದಿನಕ್ಕೆ ನೂರಾರು ಸಲ ಹೀಗಾದರೆ ತುದಿಗಳು ಸುಟ್ಟು ಅಂಟಿಕೊಳ್ಳುತ್ತವೆ, ಬಾಗಿಲು ಬಿಡುವುದೇ ಇಲ್ಲ. ಇನ್ನು ಕೆಲವೊಮ್ಮೆ ಆ ಹೊಡೆತ ನಿಯಂತ್ರಕವನ್ನು ತಲುಪಿ ಅದು ಸತ್ತು ಹುಟ್ಟುತ್ತದೆ. ‘ಬಾಗಿಲು ತೆಗೆದಾಗಲೆಲ್ಲ ಮಷಿನ್ ರೀಸ್ಟಾರ್ಟ್ ಆಗುತ್ತೆ’ ಎಂಬ ದೂರಿನ ಮೂಲಗಳಲ್ಲಿ ಇದೂ ಒಂದು.

ಪರಿಹಾರ ಕೆಲವೇ ರೂಪಾಯಿಯದು. 1ಎನ್4007 ಎಂಬ ಡಯೋಡನ್ನು ಬೀಗದ ಎರಡು ತುದಿಗಳಿಗೆ ಅಡ್ಡವಾಗಿ, ಅದರ ಮೇಲಿನ ಬೆಳ್ಳಿ ಪಟ್ಟೆ ಪ್ಲಸ್ ಕಡೆಗೆ ಬರುವಂತೆ, ಬೀಗದ ಹತ್ತಿರದಲ್ಲೇ ಜೋಡಿಸಬೇಕು. ಕೂಡಿಟ್ಟ ಶಕ್ತಿ ಅದರೊಳಗೆ ಸುತ್ತಿ ಸುತ್ತಿ ಆರಿಹೋಗುತ್ತದೆ. ಸುತ್ತುವಷ್ಟು ಹೊತ್ತು ಬಾಗಿಲು ಬಿಡುವುದು ತುಸು ತಡವಾಗುತ್ತದೆ. ಆ ತಡವೂ ಬೇಡವಾದ ಕಡೆ ‘ಎಂಓವಿ’ ಎಂಬ ಬಿಲ್ಲೆ ಬಳಸುತ್ತಾರೆ, ಕೆಲವು ಬೀಗಗಳಲ್ಲಿ ಅದು ಒಳಗೇ ಇರುತ್ತದೆ.

ಇದೇ ಕಾರಣಕ್ಕೆ, ಅನುಕೂಲವಿದ್ದರೆ ಬೀಗಕ್ಕೆ ಒಂದು ಸಪ್ಲೈ, ನಿಯಂತ್ರಕ ಮತ್ತು ರೀಡರಿಗೆ ಇನ್ನೊಂದು ಇಡುವುದು ಒಳ್ಳೆಯದು. ನೆಲದೊಳಕ್ಕೆ ಕಡ್ಡಿ ಇಳಿಸುವ ‘ಡ್ರಾಪ್ ಬೋಲ್ಟ್’ ಬೀಗಗಳಿಗಂತೂ ಇದು ಮುಖ್ಯ. ಕಡ್ಡಿ ತಳ್ಳುವ ಗಳಿಗೆಯಲ್ಲಿ ಅವು 1 ಆಂಪಿಯರಿನ ಹತ್ತಿರ ಎಳೆದು, ಆಮೇಲೆ ಅದರ ಸಣ್ಣ ಪಾಲಿನಲ್ಲಿ ಹಿಡಿದುಕೊಳ್ಳುತ್ತವೆ. ಆ ಗಳಿಗೆಯಲ್ಲಿ ಸಣ್ಣ ಅಡಾಪ್ಟರಿನ ವೋಲ್ಟು ಕುಸಿದರೆ ಪಕ್ಕದ ಯಂತ್ರ ತತ್ತರಿಸುತ್ತದೆ. ರೀಡರಿಗೂ ನಿಯಂತ್ರಕಕ್ಕೂ ಬೇರೆ ಬೇರೆ ಸಪ್ಲೈ ಕೊಟ್ಟರೆ ಮಾತ್ರ ಎರಡರ ಮೈನಸ್ ತಂತಿಗಳನ್ನು ಒಂದುಗೂಡಿಸಬೇಕು. ರೀಡರ್ ಕಳಿಸುವ ಸಂಕೇತವನ್ನು ನಿಯಂತ್ರಕ ಅಳೆಯುವುದು ಆ ಮೈನಸ್ಸಿಗೆ ಹೋಲಿಸಿಯೇ. ಅದು ಸಮಾನವಾಗಿಲ್ಲದಿದ್ದರೆ ಕಾರ್ಡ್ ತೋರಿಸಿದಾಗ ರೀಡರ್ ಬೀಪ್ ಎನ್ನುತ್ತದೆ, ಬಾಗಿಲು ಮಾತ್ರ ತೆರೆಯದು.

ಬ್ಯಾಟರಿಯ ಗಂಟೆಗಳು

ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್ ಅಳತೆಯ, ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಕಂಪ್ಯೂಟರಿನ ಸಣ್ಣ ಯುಪಿಎಸ್ಸಿನಲ್ಲಿ ಇರುವುದೂ ಇದೇ. ಮೇಲಿನ ಹಾಸ್ಟೆಲ್ ಬಾಗಿಲು ಗಂಟೆಗೆ 1 ಆಂಪಿಯರ್-ಅವರ್ ತಿನ್ನುತ್ತದೆ, ಹಾಗಾಗಿ 7 ಗಂಟೆ ಬರಬೇಕಲ್ಲವೇ? ಬರುವುದಿಲ್ಲ. ಆ 7ರ ಅಳತೆ 20 ಗಂಟೆಗಳಷ್ಟು ನಿಧಾನವಾಗಿ ಹೀರಿದಾಗಿನದು. ಬೇಗ ಹೀರಿದರೆ 6ರ ಆಸುಪಾಸು ಸಿಕ್ಕೀತು. ವಯಸ್ಸಾದಂತೆ ಅದರಲ್ಲೂ ಐದನೇ ಒಂದು ಪಾಲು ಕಳೆಯಿರಿ. ನಂಬಬಹುದಾದದ್ದು ನಾಲ್ಕೂವರೆ ಗಂಟೆ. ರಾತ್ರಿಯಿಡೀ ಕರೆಂಟು ಹೋಗುವ ಊರಾದರೆ 17 ಅಥವಾ 18 ಆಂಪಿಯರ್-ಅವರಿನ ಬ್ಯಾಟರಿ ಬೇಕು. ಅದನ್ನು ತುಂಬಿಸುವ ತಾಕತ್ತು ಪೆಟ್ಟಿಗೆಗೂ ಇರಬೇಕು.

ಬ್ಯಾಟರಿಯಿರುವ ಸಪ್ಲೈ 12ರ ಬದಲು 13.8 ವೋಲ್ಟು ಕೊಡುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸೀಸ-ಆಮ್ಲ ಬ್ಯಾಟರಿಯನ್ನು ಸದಾ ಭರ್ತಿಯಾಗಿ ಇಡಲು ಬೇಕಾದ ವೋಲ್ಟು ಅದು. ನಿಮ್ಮ ರೀಡರ್ ಅಷ್ಟನ್ನು ತಾಳುತ್ತದೆಯೇ ಎಂದು ಅದರ ಚೀಟಿಯಲ್ಲಿ ನೋಡಿಕೊಳ್ಳಿ. ಕೆಳಗಿನ ಮಿತಿಯೂ ಮುಖ್ಯ. ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ಒಳ್ಳೆಯ ಪೆಟ್ಟಿಗೆ ತಾನೇ ಕಡಿದುಕೊಳ್ಳುತ್ತದೆ. ಕಡಿಯದೆ ಪೂರ್ತಿ ಬರಿದಾಗಲು ಬಿಟ್ಟರೆ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಮೊದಲಿನಂತೆ ತುಂಬದು.

ಈ ಬ್ಯಾಟರಿಯ ದೊಡ್ಡ ಶತ್ರು ಬಿಸಿ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಗೋಡೆಯ ಮೇಲೆ ಅಥವಾ ಗಾಳಿಯಾಡದ ಸುಳ್ಳು ಚಾವಣಿಯೊಳಗೆ ಪೆಟ್ಟಿಗೆ ಇಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ. ಸತ್ತದ್ದು ಯಾರಿಗೂ ಗೊತ್ತಾಗದು, ಕರೆಂಟು ಇರುವವರೆಗೆ ಬಾಗಿಲು ಎಂದಿನಂತೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಬ್ಯಾಟರಿ ಹಾಕಿದ ತಿಂಗಳು, ವರ್ಷವನ್ನು ಅದರ ಮೈಮೇಲೆಯೇ ಬರೆಯಿರಿ. ಮೂರು ವರ್ಷ ದಾಟಿದ್ದನ್ನು ಪರೀಕ್ಷಿಸದೆ ನಂಬಬೇಡಿ. ಲಿಥಿಯಂ ಬ್ಯಾಟರಿ ಹೆಚ್ಚು ಬಾಳುತ್ತದೆ, ನಿಜ. ಆದರೆ ಅದನ್ನು ತುಂಬುವ ಕ್ರಮ ಬೇರೆ, ಸೀಸದ ಬ್ಯಾಟರಿಗೆಂದು ಮಾಡಿದ ಪೆಟ್ಟಿಗೆಗೆ ಸುಮ್ಮನೆ ಬದಲಿ ಹಾಕುವಂತಿಲ್ಲ.

ತಂತಿಯೇ ಬೇಡದ ದಾರಿಗಳೂ ಇವೆ. ಮನೆಯ ಡಿಜಿಟಲ್ ಬೀಗಗಳು ಹೆಚ್ಚಾಗಿ ನಾಲ್ಕು ಎಎ ಶೆಲ್ಲುಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತವೆ. ಅವುಗಳಲ್ಲಿ ಮೋಟರು ಬೀಗ ತಿರುಗಿಸುವಾಗ ಮಾತ್ರ ಓಡುತ್ತದೆ, ಹಿಡಿದುಕೊಂಡಿರುವುದು ಉಕ್ಕಿನ ಕಡ್ಡಿ. ಆಲ್ಕಲೈನ್ ಶೆಲ್ಲು 1.5 ವೋಲ್ಟಿನದು, ರೀಚಾರ್ಜ್ ಮಾಡುವ ನಿಕಲ್ ಶೆಲ್ಲು 1.2ರದು. ಎರಡನೆಯದನ್ನು ಹಾಕಿದರೆ ‘ಬ್ಯಾಟರಿ ಮುಗಿಯುತ್ತಿದೆ’ ಎಂಬ ಎಚ್ಚರಿಕೆಯ ಲೆಕ್ಕ ತಪ್ಪುತ್ತದೆ. ಇನ್ನು ಕಚೇರಿಗಳಲ್ಲಿ ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ಪಿಓಇ ಇದೆ. 2003ರ ಮಾನಕದ ಪ್ರಕಾರ 100 ಮೀಟರ್ ದೂರದ ಸಾಧನಕ್ಕೆ ಸುಮಾರು 13 ವ್ಯಾಟ್ ಸಿಗುತ್ತದೆ. ಒಂದು ಬೀಗ, ಒಂದು ರೀಡರಿಗೆ ಅದು ಸಾಕು. ಆದರೆ ಆಗ ಬಾಗಿಲ ಜೀವ ನೆಟ್‌ವರ್ಕ್ ಸ್ವಿಚ್ಚಿನ ಯುಪಿಎಸ್ಸಿನ ಕೈಯಲ್ಲಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹಣ ಕೊಡುವ ಮುನ್ನ

ಕೊಳ್ಳುವಾಗ ಪೆಟ್ಟಿಗೆಯ ಅಥವಾ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕೊಡುವ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. 230 ವೋಲ್ಟಿಗೂ ನೀವು ಮುಟ್ಟುವ 12 ವೋಲ್ಟಿಗೂ ನಡುವಿನ ಗೋಡೆ ಭದ್ರವಾಗಿರಬೇಕಾದದ್ದು ಆ ಪೆಟ್ಟಿಗೆಯೊಳಗೇ. ಕೆಲಸ ಮುಗಿದ ಮೇಲೆ ಬಾಗಿಲ ಮುಂದೆ ನಿಂತು ಮೂರು ಪರೀಕ್ಷೆ ಮಾಡಿಸಿ. ಒಂದು, ಎಂಸಿಬಿ ಇಳಿಸಿ: ಬಾಗಿಲು ಒಂದು ಕ್ಷಣವೂ ಸಡಿಲವಾಗಬಾರದು, ಹೇಳಿದಷ್ಟು ಗಂಟೆ ಹಿಡಿದಿರಬೇಕು. ಎರಡು, ಅಗ್ನಿ ಎಚ್ಚರಿಕೆಯನ್ನು ಪರೀಕ್ಷೆಗಾಗಿ ಮೊಳಗಿಸಿ: ಬ್ಯಾಟರಿ ಭರ್ತಿಯಿದ್ದರೂ ಆ ದಾರಿಯ ಬಾಗಿಲುಗಳೆಲ್ಲ ಬಿಡಬೇಕು. ಮೂರು, ನಿಯಂತ್ರಕದ ಕರೆಂಟು ತೆಗೆದು, ಬೀಗ ಇನ್ನೂ ಹಿಡಿದಿರುವಂತೆ ಇಟ್ಟು ಬ್ರೇಕ್ ಗ್ಲಾಸ್ ಒತ್ತಿ: ಯಾವ ಯಂತ್ರದ ಒಪ್ಪಿಗೆಯೂ ಇಲ್ಲದೆ ಬಾಗಿಲು ಬಿಡಬೇಕು.

ಮೊದಲ ಪರೀಕ್ಷೆಯಲ್ಲಿ ಸೋತ ಬಾಗಿಲಿಗೆ ಬ್ಯಾಟರಿ ಬದಲಿಸಿದರೆ ಸಾಕಾಗಬಹುದು. ಉಳಿದೆರಡರಲ್ಲಿ ಸೋತ ಬಾಗಿಲನ್ನು ಒಂದು ದಿನವೂ ಬೀಗ ಹಾಕಿ ಬಳಸಬಾರದು. ಹಾಸ್ಟೆಲ್ ನಡೆಸುವವರು, ಅಪಾರ್ಟ್‌ಮೆಂಟ್ ಸಂಘದವರು, ಕಚೇರಿಯ ಆಡಳಿತ ನೋಡುವವರು ಈ ಮೂರನ್ನೂ ಕಣ್ಣಾರೆ ಕಂಡ ಮೇಲೆಯೇ ಬಿಲ್ಲಿಗೆ ಸಹಿ ಹಾಕಲಿ, ಆಮೇಲೂ ವರ್ಷಕ್ಕೆರಡು ಸಲ ಮಾಡಿಸಲಿ. ಬೀಗದ ಹಿಡಿತ ಎಷ್ಟು ಕಿಲೋ ಎಂದು ಕೇಳುವಷ್ಟೇ ಗಟ್ಟಿಯಾಗಿ, ಅದು ಯಾವಾಗ ಬಿಡುತ್ತದೆ ಎಂದು ಕೇಳುವ ಹಕ್ಕು ಆ ಬಾಗಿಲ ಹಿಂದೆ ಮಲಗುವ, ದುಡಿಯುವ ಪ್ರತಿಯೊಬ್ಬರಿಗೂ ಇದೆ.